ಕೇಳದ ಕಿವಿ ಕೇಳಿಸಿದ ನಾದ

ಕುಣಿತದ ಲಯದಲ್ಲಿ ಉಲ್ಲಾಸದಿಂದ ಧಾವಿಸುತ್ತಿದ್ದ ಸಂಗೀತವು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಕ್ಷಣಕಾಲದ ಮೌನ. ಅನಂತರ ಕೆಳಸ್ಥಾಯಿಯ ವಾದ್ಯಗಳು ನಡುಗತೊಡಗುತ್ತವೆ. ಅವುಗಳ ಮೇಲೆ ಮೊದಲನೆಯ ವಯೊಲಿನ್ ಅತಿ ಎತ್ತರದ ಒಂದೇ ಒಂದು ಸ್ವರವನ್ನು ಹಿಡಿದು ನಿಲ್ಲುತ್ತದೆ. ಮಾಧುರ್ಯದ ಲೇಶವೂ ಇಲ್ಲದ, ಕಿವಿಯನ್ನು ಚುಚ್ಚುವ ಸ್ವರ. ಚೆಕ್ ಸಂಗೀತಕಾರ ಬೆದ್ರಿಖ್ ಸ್ಮೆತಾನಾ ತನ್ನ ಕಿವುಡುತನದ ಆಗಮನವನ್ನು ದಾಖಲಿಸಿದ ಬಗೆ ಇದು.

ಆತ ರಚಿಸಿದ ಸ್ಟ್ರಿಂಗ್ ಕ್ವಾರ್ಟೆಟ್‌ಗಳು ಎರಡೇ. ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ – ಈ ನಾಲ್ಕು ತಂತಿವಾದ್ಯಗಳ ಸಂವಾದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಇರುವ ಹೆಸರು ಅದು. ಇವೆರಡನ್ನೂ ಪಾವೆಲ್ ಹಾಸ್ ಕ್ವಾರ್ಟೆಟ್ ಎಂಬ ಚೆಕ್ ವಾದ್ಯವೃಂದ ನುಡಿಸಿರುವ ಧ್ವನಿಮುದ್ರಿಕೆಯನ್ನು ಸುಪ್ರಾಫೋನ್ ಸಂಸ್ಥೆ 2015ರಲ್ಲಿ ಹೊರತಂದಿತು. ಅದೇ ವರ್ಷ ಗ್ರಾಮೋಫೋನ್ ಪತ್ರಿಕೆಯ ಚೇಂಬರ್ ಸಂಗೀತ ಪ್ರಶಸ್ತಿ ಅದಕ್ಕೆ ಸಂದಿತು. ವೃಂದವನ್ನು 2002ರಲ್ಲಿ ಸ್ಥಾಪಿಸಿದವರು ವಯೊಲಿನ್ ವಾದಕಿ ವೆರೋನಿಕಾ ಯಾರೂಷ್ಕೋವಾ. ಹೆಸರು ಮಾತ್ರ 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಹತನಾದ ಸಂಗೀತಕಾರ ಪಾವೆಲ್ ಹಾಸ್‌ನದು. ಅಳಿಸಿಹಾಕಲ್ಪಟ್ಟವನ ಹೆಸರನ್ನು ಹೊತ್ತು ವೇದಿಕೆಯೇರುವ ಈ ನಾಲ್ವರು, ಪೂರ್ವಗ್ರಹಕ್ಕೆ ತುತ್ತಾದ ಒಂದು ಕೃತಿಯ ಪರವಾಗಿಯೂ ಇಲ್ಲಿ ನಿಂತಿದ್ದಾರೆ. ಆ ಕೃತಿ ಎರಡನೆಯ ಕ್ವಾರ್ಟೆಟ್. ಅದನ್ನು ತಲುಪಲು ಮೊದಲನೆಯದನ್ನು ದಾಟಿಯೇ ಹೋಗಬೇಕು.

ಸ್ಮೆತಾನಾ ಹುಟ್ಟಿದ್ದು 1824ರಲ್ಲಿ, ಬೊಹೀಮಿಯಾದ ಲಿತೊಮಿಶ್ಲ್ ಪಟ್ಟಣದಲ್ಲಿ. ತಂದೆ ಬಿಯರ್ ತಯಾರಕ. ಆಗ ಆ ನಾಡು ಆಸ್ಟ್ರಿಯಾ ಸಾಮ್ರಾಜ್ಯದ ಅಧೀನದಲ್ಲಿತ್ತು; ಶಾಲೆಯ ಭಾಷೆ, ಕಚೇರಿಯ ಭಾಷೆ, ನ್ಯಾಯಾಲಯದ ಭಾಷೆ ಎಲ್ಲವೂ ಜರ್ಮನ್. ತಂದೆಗೆ ಚೆಕ್ ತಿಳಿದಿದ್ದರೂ ವ್ಯವಹಾರ ನಡೆಯುತ್ತಿದ್ದುದು ಜರ್ಮನ್‌ನಲ್ಲೇ. ಮಗನಿಗೆ ಮೂವತ್ತೈದು ದಾಟಿದಾಗಲೂ ತಪ್ಪಿಲ್ಲದೆ ಒಂದು ಚೆಕ್ ಪತ್ರ ಬರೆಯಲು ಬರುತ್ತಿರಲಿಲ್ಲ. 1860ರ ಪತ್ರವೊಂದರಲ್ಲಿ ಆತ ಅದಕ್ಕಾಗಿ ನಾಚಿಕೆ ವ್ಯಕ್ತಪಡಿಸಿದ್ದಾನೆ. ಬಳಿಕ ವ್ಯಾಕರಣ ಪುಸ್ತಕ ಹಿಡಿದು ಕುಳಿತು ಆ ಭಾಷೆಯನ್ನು ಕಲಿತ. ಮನೆಯ ನುಡಿ ಒಂದು, ಅರ್ಜಿಯ ನುಡಿ ಮತ್ತೊಂದು ಆಗಿರುವ ಊರುಗಳ ಓದುಗರಿಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಹಾಗೆ ಕಲಿತವನೇ ಮುಂದೆ ಚೆಕ್ ಜನತೆಯ ರಾಷ್ಟ್ರೀಯ ಸಂಗೀತಕ್ಕೆ ಅಸ್ತಿವಾರ ಹಾಕಿದ.

ಖಾಸಗಿ ಬದುಕು ಮಾತ್ರ ದುಃಖದ ಸರಮಾಲೆ. 1854ರಿಂದ 1856ರ ಅವಧಿಯಲ್ಲಿ ಮೂವರು ಹೆಣ್ಣುಮಕ್ಕಳು, 1859ರಲ್ಲಿ ಪತ್ನಿ ತೀರಿಕೊಂಡರು. 1874ರ ಅಕ್ಟೋಬರ್‌ನಲ್ಲಿ ಎರಡು ಕಿವಿಗಳೂ ಸಂಪೂರ್ಣ ಕಿವುಡಾದವು. ಎರಡು ವರ್ಷಗಳ ನಂತರ, ಯಾಬ್ಕೆನಿತ್ಸೆ ಎಂಬ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದು ಬರೆದದ್ದು ‘ನನ್ನ ಬದುಕಿನಿಂದ’ ಎಂಬ ಮೊದಲ ಕ್ವಾರ್ಟೆಟ್. 1878ರಲ್ಲಿ ಪ್ರಾಗ್‌ನ ಮನೆಯೊಂದರಲ್ಲಿ ಅದನ್ನು ಖಾಸಗಿಯಾಗಿ ನುಡಿಸಿದಾಗ ವಯೋಲಾ ಹಿಡಿದಿದ್ದವನು ಆಂಟೋನಿನ್ ದ್ವೋರ್ಜಾಕ್.

ವಯೋಲಾಕ್ಕೆ ಅಲ್ಲಿ ಭಾರಿ ಹೊಣೆ. ಸಾಮಾನ್ಯವಾಗಿ ನಡುವಿನಲ್ಲಿ ಅಡಗಿರುವ ಆ ವಾದ್ಯವೇ ಕೃತಿಯ ಆರಂಭದಲ್ಲಿ ವಿಧಿಯ ಕರೆಯನ್ನು ಘೋಷಿಸುತ್ತದೆ. ಈ ಮುದ್ರಿಕೆಯಲ್ಲಿ ಪಾವೆಲ್ ನಿಕ್ಲ್ ಅದನ್ನು ವಿಲಾಪವಾಗಲು ಬಿಡದೆ, ಆಪಾದನೆಯ ಗಡಸಿನಿಂದ ನುಡಿಸುತ್ತಾರೆ. ಎರಡನೆಯ ಭಾಗ ಯೌವನದ ಪೋಲ್ಕಾ ಕುಣಿತ. ಮೂರನೆಯದು, ಪತ್ನಿಯಾದ ಮೊದಲ ಪ್ರೇಯಸಿಯ ನೆನಪು. ಪೀಟರ್ ಯಾರೂಷೆಕ್ ಅವರ ಚೆಲ್ಲೊ ಒಂಟಿಯಾಗಿ ಅದನ್ನು ಆರಂಭಿಸುತ್ತದೆ. ನಾಲ್ಕನೆಯದರಲ್ಲಿ ಆ ಎತ್ತರದ ಸ್ವರ. ವಾಸ್ತವದಲ್ಲಿ ಸ್ಮೆತಾನಾನ ಕಿವಿಯಲ್ಲಿ ಮೊಳಗುತ್ತಿದ್ದುದು ಒಂಟಿ ಸ್ವರವಲ್ಲ, ಹಲವು ಸ್ವರಗಳು ಕೂಡಿದ ಒಂದು ಸ್ವರಮೇಳ. ನ್ಯಾಯಾಲಯದಲ್ಲಾಗಿದ್ದರೆ ಪಾಟೀಸವಾಲಿನಲ್ಲಿ ಈ ವ್ಯತ್ಯಾಸವನ್ನೇ ಹಿಡಿದು ಸಾಕ್ಷಿಯನ್ನು ಕೆಡವಬಹುದಿತ್ತು. ಕೇಳುಗನಿಗೆ ಅಂಥ ಸಂಶಯ ಏಳುವುದೇ ಇಲ್ಲ.

ಎರಡನೆಯ ಕ್ವಾರ್ಟೆಟ್‌ಗೆ ಈ ಭಾಗ್ಯ ದೊರೆಯಲಿಲ್ಲ. 1882–83ರಲ್ಲಿ ಅದನ್ನು ಬರೆಯುವಾಗ ಸ್ಮೆತಾನಾನ ನೆನಪು ಕುಸಿಯುತ್ತಿತ್ತು. ಸಂಗೀತ ರಚನೆ ಬೇಡವೆಂದು ವೈದ್ಯರು ತಡೆದಿದ್ದರು. ಆತ ಅಷ್ಟಿಷ್ಟು ಬರೆಯುವುದು, ನಿಲ್ಲಿಸುವುದು, ಹಿಂದೆ ಬರೆದದ್ದು ಮರೆತು ಮತ್ತೆ ಹುಡುಕುವುದು – ಹೀಗೆ ಮುಗಿಸಿದ. 1884ರ ಜನವರಿಯಲ್ಲಿ ಪ್ರಾಗ್‌ನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು; ಮೇ 12ರಂದು ಅದೇ ನಗರದ ಮಾನಸಿಕ ಚಿಕಿತ್ಸಾಲಯದಲ್ಲಿ ಆತ ಕಣ್ಮುಚ್ಚಿದ. ಇಷ್ಟು ತಿಳಿದ ಮೇಲೆ ಕೃತಿಯ ಮೇಲೆ ತೀರ್ಪು ಕೊಡುವುದು ಸುಲಭವಾಯಿತು. ಭಾವಗಳು ಜೋಡಣೆಯಿಲ್ಲದೆ ಬದಲಾಗುತ್ತವೆ, ಎಳೆಗಳು ಅರ್ಧಕ್ಕೇ ತುಂಡಾಗುತ್ತವೆ, ಕೊನೆಯ ಭಾಗ ಅತಿ ಚಿಕ್ಕದು. ಆದ್ದರಿಂದ ಇದು ಕದಡಿದ ಮನಸ್ಸಿನ ಕೃತಿ ಎಂಬ ವಾದ. ರೋಗಿಯ ವೈದ್ಯಕೀಯ ದಾಖಲೆಯನ್ನು ಆತನ ಕೃತಿಯ ವಿರುದ್ಧ ಸಾಕ್ಷ್ಯವಾಗಿ ಹಾಜರುಪಡಿಸಿದ್ದಷ್ಟೇ ಇಲ್ಲಿ ಆದದ್ದು. ಕೃತಿಯನ್ನು ವಿಚಾರಿಸಿದವರು ವಿರಳ. ಕಿವಿ ಕಳೆದುಕೊಂಡವನೊಳಗಿನ ಸಂಗೀತದ ಸುಂಟರಗಾಳಿ ಅದೆಂದು ಸ್ಮೆತಾನಾನೇ ಹೇಳಿಕೆ ಕೊಟ್ಟಿದ್ದ. ಸುಂಟರಗಾಳಿಯಲ್ಲಿ ಕ್ರಮಬದ್ಧತೆಯನ್ನು ಅಪೇಕ್ಷಿಸುವುದು ಎಷ್ಟು ಸರಿ?

ಪಾವೆಲ್ ಹಾಸ್ ವೃಂದದ ಉತ್ತರ ದಿಟ್ಟವಾದದ್ದು. ಭಾವ ಬದಲಾಗುವ ಎಡೆಗಳಲ್ಲಿ ಅವರು ವೇಗವನ್ನು ಸಡಿಲಿಸಿ ಹೊಂದಾಣಿಕೆ ಮಾಡುವುದಿಲ್ಲ. ಬಿರುಕನ್ನು ಬಿರುಕಾಗಿಯೇ ತೋರಿಸುತ್ತಾರೆ. ಎರಡನೆಯ ಭಾಗದಲ್ಲಿ ಪೋಲ್ಕಾ ಮರಳಿ ಬರುತ್ತದೆಯಾದರೂ ಈಗ ಹೆಜ್ಜೆ ತಾಳಕ್ಕೆ ಎಡವುತ್ತದೆ. ಆ ಎಡವುವಿಕೆಯನ್ನು ಯಾರೂಷ್ಕೋವಾ ಮತ್ತು ಮಾರೆಕ್ ಜ್ವೀಬೆಲ್ ಎಷ್ಟು ಖಚಿತವಾಗಿ ನುಡಿಸುತ್ತಾರೆಂದರೆ, ಅದು ಪ್ರಮಾದವಲ್ಲ, ಉದ್ದೇಶವೇ ಎಂಬುದು ಸ್ಪಷ್ಟವಾಗುತ್ತದೆ. ಕೆಲವೆಡೆ ನಾಲ್ಕೇ ವಾದ್ಯಗಳಿಂದ ಇಷ್ಟು ದೊಡ್ಡ ಶಬ್ದ ಬೇಕಿತ್ತೇ ಎನ್ನಿಸದಿರದು. ಮೊದಲ ಕ್ವಾರ್ಟೆಟ್‌ನ ಮೂರನೆಯ ಭಾಗ ಇನ್ನಷ್ಟು ಏಕಾಂತವನ್ನು ಬೇಡುತ್ತಿತ್ತು. ಆದರೆ ಎರಡನೆಯ ಕೃತಿಗೆ ಈ ಒರಟುತನವೇ ರಕ್ಷಣೆಯಾಗಿದೆ.

ಮುದ್ರಿಕೆಯನ್ನು ತಿರುವುಮುರುವಾಗಿ, ಎರಡನೆಯ ಕ್ವಾರ್ಟೆಟ್‌ನಿಂದ ಆರಂಭಿಸಿ ಕೇಳುವುದು ಲೇಸು. ಇಪ್ಪತ್ತು ನಿಮಿಷಗಳ ಆಸುಪಾಸಿನ ಆ ಕೃತಿಯನ್ನು, ರಚಿಸಿದವನ ಕಾಯಿಲೆಯ ವಿಷಯ ತಿಳಿಯದ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಕೇಳಬಹುದಾದರೆ ಇನ್ನೂ ಲೇಸು. ಇಲ್ಲಿಯವರೆಗೆ ಓದಿ ಬಂದವರಿಗೆ ಆ ಸ್ಥಾನ ತಪ್ಪಿಹೋಗಿದೆ.