ಸಿಹಿಯಲ್ಲಿ ಮಿತಿ, ದೇಹಕ್ಕೆ ಹಿತ

ಮಧುಗಿರಿಯ ಹೆಸರಿನಲ್ಲೇ ಜೇನಿದೆ. ಯುಗಾದಿಗೆ ಹೋಳಿಗೆ, ಜಾತ್ರೆಗೆ ಬೆಂಡು-ಬತ್ತಾಸು, ದಾಸೋಹದ ಪಂಕ್ತಿಯಲ್ಲಿ ಪಾಯಸ. ನಮ್ಮ ನಾಡಿನಲ್ಲಿ ಸಿಹಿಯೆಂದರೆ ಸಂಭ್ರಮ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸದ್ಭಕ್ತರಲ್ಲಿ ಅನೇಕರು ಇಂದು ‘ತೂಕ ಇಳಿಸಿ, ಸಿಹಿ ಕಡಿಮೆ ಮಾಡಿ’ ಎಂಬ ವೈದ್ಯರ ಸಲಹೆಯನ್ನು ಕೇಳಿ ಬಂದು, ‘ಹಾಗಾದರೆ ಪ್ರಸಾದವನ್ನೂ ಬಿಡಬೇಕೇ?’ ಎಂದು ಕಳವಳಪಡುತ್ತಾರೆ. ಬಿಡಬೇಕಾದ ಸಿಹಿ ಯಾವುದು ಎಂಬುದನ್ನು ಮೊದಲು ತಿಳಿಯಬೇಕು.

ನಮ್ಮ ಹಿರಿಯರು ರಾಗಿ, ಹುರುಳಿ, ಕಡಲೆಕಾಯಿ ಬೆಳೆದ ಮಳೆಯಾಶ್ರಿತ ಹೊಲಗಳಲ್ಲಿ ಹಗಲೆಲ್ಲ ದುಡಿದು, ಬೆಲ್ಲ ನೀರು ಕುಡಿದು ಆಯಾಸ ಕಳೆಯುತ್ತಿದ್ದರು. ಆ ಬೆಲ್ಲವು ಕಾಯಕದಲ್ಲೇ ಕರಗುತ್ತಿತ್ತು. ಇಂದು ಹೊಲಕ್ಕೂ ಬೈಕಿನಲ್ಲೇ ಹೋಗುತ್ತೇವೆ. ಶ್ರಮ ಇಳಿದಿದೆ, ಸಿಹಿ ಇಳಿದಿಲ್ಲ. ಬಳಕೆಯಾಗದೆ ಉಳಿದ ಸಕ್ಕರೆಯು ಕೊಬ್ಬಾಗಿ, ಮುಖ್ಯವಾಗಿ ಹೊಟ್ಟೆಯ ಸುತ್ತ ಶೇಖರವಾಗುತ್ತದೆ.

ಒಂದು ಲೆಕ್ಕ ನೋಡೋಣ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ. ಅದರಿಂದ ದೊರೆಯುವ ಶಕ್ತಿ 20 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚವೆಂದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಸೇರಿಸಿದ ಸಕ್ಕರೆಯ ಪ್ರಮಾಣವು ದಿನದ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ, ಅಂದರೆ ಸುಮಾರು 25 ಗ್ರಾಂಗಿಂತ ಕಡಿಮೆಯಿದ್ದರೆ ಇನ್ನೂ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಚಹಾ ಒಂದರಲ್ಲೇ ಆ ಮಿತಿ ಮೀರಿತು! ಪಾವಗಡದ ಬಿಸಿಲಿಗೆ ಕುಡಿಯುವ 250 ಮಿಲಿಲೀಟರ್‌ನ ತಂಪು ಪಾನೀಯವೊಂದರಲ್ಲೂ ಸುಮಾರು ಐದು ಚಮಚ ಸಕ್ಕರೆ ಅಡಗಿರುತ್ತದೆ. ಹೋಳಿಗೆ ವರ್ಷಕ್ಕೆ ಕೆಲವು ಬಾರಿ ಎಲೆಗೆ ಬರುತ್ತದೆ. ಸಿಹಿ ಚಹಾ 1,460 ಬಾರಿ ಬರುತ್ತದೆ. ಮೊದಲು ತಡೆಯಬೇಕಾದುದು ಲೆಕ್ಕಕ್ಕೆ ಸಿಗದ ಈ ದಿನನಿತ್ಯದ ಸಿಹಿಯನ್ನೇ.

‘ನಾವು ಸಕ್ಕರೆ ಬಿಟ್ಟು ಬೆಲ್ಲ ಬಳಸುತ್ತೇವೆ’ ಎಂದು ಸಮಾಧಾನಪಡುವವರುಂಟು. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶಗಳಿದ್ದರೂ ಅದರ ಬಹುಭಾಗ ಸಕ್ಕರೆಯೇ. ಜೇನುತುಪ್ಪದಲ್ಲಿಯೂ ಸುಮಾರು ಶೇಕಡಾ 80 ಭಾಗ ಸಕ್ಕರೆಯಿದೆ. ತೂಕದ ವಿಚಾರದಲ್ಲಿ ಇವಕ್ಕೆ ವಿನಾಯಿತಿಯಿಲ್ಲ.

ಚಹಾ, ಕಾಫಿಗೆ ಹಾಕುವ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬನ್ನಿ. ಕೆಲವು ವಾರಗಳಲ್ಲಿ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ. ಬಾಯಾರಿದಾಗ ನೀರು ಇಲ್ಲವೇ ನೀರುಮಜ್ಜಿಗೆ ಸಾಕು. ಹಣ್ಣಿನ ರಸದ ಬದಲು ಸೀಬೆಯಂತಹ ಇಡೀ ಹಣ್ಣು ತಿನ್ನಿರಿ. ಬಿಸ್ಕತ್ತಿನ ಜಾಗಕ್ಕೆ ನಮ್ಮ ನೆಲದ ಬೇಯಿಸಿದ ಕಡಲೆಕಾಯಿ ಬರಲಿ, ಆದರೆ ಒಂದು ಹಿಡಿ ಮಾತ್ರ, ಅದರಲ್ಲಿ ಎಣ್ಣೆಯಂಶವಿದೆ. ಊಟದಲ್ಲಿ ಮುದ್ದೆ-ಅನ್ನ ಕಡಿಮೆಯಾಗಿ, ಸೊಪ್ಪು, ಕಾಳು, ಬಸ್ಸಾರು ಹೆಚ್ಚಲಿ. ಇದರೊಂದಿಗೆ ನಿತ್ಯ ಅರ್ಧ ಗಂಟೆಯ ಬಿರುಸು ನಡಿಗೆಯಿರಲಿ. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಅದನ್ನು ಎಚ್ಚರಿಕೆಯೆಂದು ತಿಳಿಯಿರಿ.

ಇನ್ನು ಪ್ರಸಾದದ ಮಾತು. ಪ್ರಸಾದದ ಮಹಿಮೆ ಭಾವದಲ್ಲಿದೆ, ಪ್ರಮಾಣದಲ್ಲಿಲ್ಲ. ಒಂದು ತುತ್ತನ್ನು ಭಕ್ತಿಯಿಂದ ಸ್ವೀಕರಿಸಿದರೆ ಅದು ಪೂರ್ಣ ಪ್ರಸಾದವೇ. ಎಲೆಗೆ ಬಡಿಸಿಕೊಂಡು ಚೆಲ್ಲುವುದಕ್ಕಿಂತ ಮೊದಲೇ ‘ಸ್ವಲ್ಪ ಸಾಕು’ ಎನ್ನುವುದು ಪ್ರಸಾದಕ್ಕೆ ತೋರುವ ಗೌರವ. ಬಡಿಸುವ ತಾಯಂದಿರೂ ಬೀಗರಿಗೆ, ಬಂಧುಗಳಿಗೆ ‘ಇನ್ನೊಂದು ಹೋಳಿಗೆ’ ಎಂದು ಒತ್ತಾಯಿಸದಿರಲಿ. ಉಣ್ಣುವವರ ಹಿತ ನೋಡುವುದೂ ದಾಸೋಹವೇ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆಹಾರವನ್ನು ಒಮ್ಮೆಲೇ ಇಳಿಸಬಾರದು, ಉಪವಾಸವನ್ನೂ ಮಾಡಬಾರದು. ಬೆವರು, ನಡುಕ, ಕಣ್ಣುಕತ್ತಲೆ ಕಾಣಿಸಿದರೆ ಅದು ಸಕ್ಕರೆಯಂಶ ಕುಸಿದ ಲಕ್ಷಣವಾಗಿರಬಹುದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ವೈದ್ಯರನ್ನು ಕಾಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

111 ವರ್ಷಗಳ ತುಂಬು ಬಾಳನ್ನು ಬಾಳಿದ ಸಿದ್ಧಗಂಗೆಯ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ನಿತ್ಯ ಅನ್ನವಿಕ್ಕಿದರು. ತಾವು ಮಾತ್ರ ಮಿತಾಹಾರಿಗಳಾಗಿಯೇ ಉಳಿದರು. ಇತರರಿಗೆ ಉಣಿಸುವಲ್ಲಿ ಔದಾರ್ಯ, ತಾನು ಉಣ್ಣುವಲ್ಲಿ ಸಂಯಮ: ಇದು ನಮ್ಮ ಕಣ್ಣೆದುರೇ ಬಾಳಿ ತೋರಿದ ದಾರಿ. ನಾಳೆ ಬೆಳಗಿನ ಚಹಾದಲ್ಲಿ ಅರ್ಧ ಚಮಚ ಸಕ್ಕರೆ ಕಡಿಮೆ ಮಾಡಿ, ಆ ದಾರಿಯಲ್ಲಿ ಮೊದಲ ಹೆಜ್ಜೆಯಿಡೋಣ.