ಸಂಶೋಧನೆಗೆ ವಿಷಯದ ಆಯ್ಕೆ: ಹೆಬ್ಬಾಳದ ಕಲ್ಲು ಕಲಿಸುವ ಪಾಠ

ಪದವಿ ತರಗತಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ಸರ್, ಮುಂದೆ ಡಾಕ್ಟೊರೇಟ್ ಮಾಡಬೇಕೆಂದಿದ್ದೇನೆ. ಗಣಕಯಂತ್ರಕ್ಕೆ ಸಂಬಂಧಿಸಿದಂತೆ ಯಾವ ವಿಷಯವನ್ನು ತೆಗೆದುಕೊಂಡರೆ ಒಳ್ಳೆಯದು?” ಬಟ್ಟೆಯಂಗಡಿಯಲ್ಲಿ ಹರಡಿಟ್ಟ ಸೀರೆಗಳಲ್ಲಿ ಒಂದನ್ನು ಆರಿಸುವಂತೆ ವಿಷಯವನ್ನೂ ಆರಿಸಬಹುದೆಂಬ ಭಾವನೆ ಈ ಪ್ರಶ್ನೆಯಲ್ಲಿ ಅಡಗಿದೆ. ಆದರೆ ಸಂಶೋಧನೆಯ ವಿಷಯವು ಸಿದ್ಧರೂಪದಲ್ಲಿ ದೊರೆಯುವುದು ಬಹು ಅಪರೂಪ. ಶಿಲ್ಪಿಯು ಬಂಡೆಯಿಂದ ಮೂರ್ತಿಯನ್ನು ಕಡೆಯುವಂತೆ, ವಿಶಾಲವಾದ ಕ್ಷೇತ್ರವೊಂದರಿಂದ ಚಿಕ್ಕದಾದ, ಉತ್ತರಿಸಬಹುದಾದ ಪ್ರಶ್ನೆಯನ್ನು ನಾವೇ ಕಡೆದು ತೆಗೆಯಬೇಕಾಗುತ್ತದೆ.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಪಿಎಚ್.ಡಿ. ಪದವಿಗೆ ಕನಿಷ್ಠ 3 ವರ್ಷಗಳು ಬೇಕು. ಸಾಮಾನ್ಯವಾಗಿ 6 ವರ್ಷಗಳೊಳಗೆ ಮುಗಿಸಬೇಕು. ಯೌವನದ ಇಷ್ಟು ವರ್ಷಗಳನ್ನು ಒಂದು ಪ್ರಶ್ನೆಗೆ ಒಪ್ಪಿಸುವ ಮುನ್ನ ಆ ಪ್ರಶ್ನೆ ಎಂಥದೆಂದು ಪರೀಕ್ಷಿಸಿ ನೋಡುವುದು ಯುಕ್ತವಷ್ಟೆ.

ಮಾಹಿತಿಯನ್ನು ಸಂಗ್ರಹಿಸಿ, ವಿಂಗಡಿಸಿ, ಗಣಕಯಂತ್ರದ ನೆರವಿನಿಂದ ಅದರ ಅರ್ಥವನ್ನು ಹೊರತೆಗೆಯುವ ಶಾಸ್ತ್ರವೇ ಮಾಹಿತಿ ವಿಜ್ಞಾನ. ಅದನ್ನು ವ್ಯವಸಾಯ, ವೈದ್ಯ, ಭಾಷೆ, ಇತಿಹಾಸ ಮೊದಲಾದ ಕ್ಷೇತ್ರಗಳಲ್ಲಿ ಬಳಸಿದಾಗ ಅನ್ವಯಿಕ ಮಾಹಿತಿ ವಿಜ್ಞಾನವೆನಿಸುತ್ತದೆ. ಎರಡು ದೋಣಿಗಳಲ್ಲಿ ಕಾಲಿಡಬಾರದೆಂದು ಹಿರಿಯರು ಹೇಳುತ್ತಾರೆ. ಈ ಶಾಸ್ತ್ರದಲ್ಲಾದರೋ ಎರಡು ದೋಣಿಗಳನ್ನೂ ಜೊತೆಯಾಗಿ ಕಟ್ಟಿಯೇ ನಡೆಸಬೇಕು. ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸೋಣ.

ಕಲ್ಲೊಂದು, ಪ್ರಶ್ನೆ ಹಲವು

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗವಂಶದ ಶ್ರೀಪುರುಷನ ಆಳ್ವಿಕೆಗೆ, ಎಂದರೆ ಕ್ರಿ. ಶ. 750ರ ಸುಮಾರಿಗೆ ಸೇರಿದುದೆಂದು ವಿದ್ವಾಂಸರು ಅದನ್ನು ಗುರುತಿಸಿದ್ದಾರೆ. ಕಾಳಗದಲ್ಲಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮಾರಕವದು. ಈ ನಾಡನ್ನು ಅದರಲ್ಲಿ ‘ಪೆರ್ಬೊಳಲ್‌ನಾಡು’ ಎಂದು ಕರೆದಿದೆ. ‘ಪೆರ್’ ಎಂದರೆ ದೊಡ್ಡದು, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾಗಿ ‘ಹಾಲು’, ‘ಹೂವು’ಗಳು ಬಂದಂತೆಯೇ, ಪೆರ್ಬೊಳಲ್ ಇಂದಿನ ಹೆಬ್ಬಾಳವಾಯಿತು. ಊರಿನ ಹೆಸರು ಸುಮಾರು 1,270 ವರ್ಷ ಹಳೆಯದೆಂಬುದಕ್ಕೆ ಈ ಕಲ್ಲೊಂದೇ ಸಾಕ್ಷಿಯಾಗಿ ನಿಂತಿದೆ. ಇಂಥ ಕಲ್ಲುಗಳು ಸವೆದು ಹೋದರೆ ಅಥವಾ ಕಟ್ಟಡದ ತಳಪಾಯಕ್ಕೆ ಸೇರಿದರೆ ಸಾಕ್ಷಿಯೂ ಇಲ್ಲವಾಗುತ್ತದೆ.

ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸುವ ಕಾರ್ಯವನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳ ಮೂಲಕ 1886ರಲ್ಲಿ ಆರಂಭಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ನಮ್ಮ ಕಾಲದಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಸುತ್ತಮುತ್ತಲಿನ ಶಾಸನಗಳ ಮೇಲ್ಮೈಯನ್ನು ಉದ್ದ, ಅಗಲ, ಆಳಗಳೆಂಬ ಮೂರು ಆಯಾಮಗಳಲ್ಲೂ ಅಳೆದು ಗಣಕಯಂತ್ರದಲ್ಲಿ ಕಾಪಿಡುವ ಕಾರ್ಯವನ್ನು ಕೈಗೊಂಡಿದೆ.

ಇದನ್ನೆಲ್ಲ ಓದಿದ ಉತ್ಸಾಹಿ ವಿದ್ಯಾರ್ಥಿಯೊಬ್ಬಳು “ಶಾಸನಗಳು ಮತ್ತು ಗಣಕಯಂತ್ರ ಎಂಬ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ” ಎನ್ನುತ್ತಾಳೆಂದು ಇಟ್ಟುಕೊಳ್ಳೋಣ. ಇದು ಕ್ಷೇತ್ರದ ಹೆಸರಾಯಿತೇ ಹೊರತು ವಿಷಯವಾಗಲಿಲ್ಲ. “ಗಣಕಯಂತ್ರದಿಂದ ಶಾಸನಗಳನ್ನು ಓದಿಸುತ್ತೇನೆ” ಎಂದರೆ ಅದು ಹಾರೈಕೆ. ಹಾರೈಕೆ ಪ್ರಶ್ನೆಯಾಗಬೇಕಾದರೆ ಕಷ್ಟವಿರುವುದು ಎಲ್ಲಿ ಎಂಬುದನ್ನು ಕಂಡುಹಿಡಿಯಬೇಕು.

ಕಷ್ಟ ಎಲ್ಲಿದೆ?

ಮುದ್ರಿತ ಕನ್ನಡವನ್ನು ಗಣಕಯಂತ್ರ ಈಗಾಗಲೇ ಓದುತ್ತದೆ. ಹೆಬ್ಬಾಳಕ್ಕೆ ಸಮೀಪದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯಿಂದ ‘ಲಿಪಿ ಜ್ಞಾನಿ’ ಎಂಬ ಅಂಥದೊಂದು ತಂತ್ರಾಂಶ ಹೊರಬಂದಿದೆ. ಆದರೆ ಪುಸ್ತಕದ ಪುಟದಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರವಿರುತ್ತದೆ. ಕಲ್ಲಿನಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಒಂದೇ ಬಣ್ಣ. ಅಲ್ಲಿ ನಮ್ಮ ಕಣ್ಣು ಓದುವುದು ನೆರಳನ್ನು.

ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಸಮತಲವಾಗಿ ಮಲಗಿರುವ ಕಲ್ಲಿನಲ್ಲಿ ಗೀರಿನ ಆಳ 2 ಮಿಲಿಮೀಟರ್ ಎನ್ನೋಣ. ಬೆಳಕು 45 ಡಿಗ್ರಿ ಕೋನದಲ್ಲಿ ಬಿದ್ದರೆ ಅಂಚಿನ ನೆರಳಿನ ಉದ್ದ 2 ಮಿಲಿಮೀಟರ್. ಬೆಳಕು ಓರೆಯಾಗಿ, 10 ಡಿಗ್ರಿಯಲ್ಲಿ ಬಿದ್ದರೆ ನೆರಳು ಸುಮಾರು 11 ಮಿಲಿಮೀಟರ್ ಚಾಚಬಲ್ಲದು. ಎಂದರೆ ಸಾಧಾರಣ ಗೀರೊಂದು ಪೂರ್ತಿಯಾಗಿ ನೆರಳಿನಿಂದ ತುಂಬಿ ಕಪ್ಪಾಗುತ್ತದೆ. ನಡು ಹಗಲಿನಲ್ಲಿ ಮರೆಯಾಗುವ ಅಕ್ಷರಗಳು ಬೆಳಗಿನ ಎಳೆಬಿಸಿಲಿನಲ್ಲಿ ಎದ್ದು ಕಾಣುವುದು ಇದರಿಂದಲೇ. ಆದರೆ ಒಂದು ತೊಡಕುಂಟು. ಬೆಳಕು ಬರುವ ದಿಕ್ಕಿಗೆ ಸಮಾಂತರವಾಗಿರುವ ಗೀರಿನಲ್ಲಿ ನೆರಳು ಬಹುಮಟ್ಟಿಗೆ ಬೀಳುವುದೇ ಇಲ್ಲ. ಜೊತೆಗೆ ಕಲ್ಲಿನ ಸಹಜ ಬಿರುಕುಗಳೂ ಅಕ್ಷರಗಳಂತೆಯೇ ಕಪ್ಪಾಗಿ ತೋರುತ್ತವೆ. ಹೀಗಾಗಿ ಒಂದೇ ದಿಕ್ಕಿನ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವು ಕೆಲವು ಗೆರೆಗಳನ್ನು ಅಡಗಿಸಿ, ಇಲ್ಲದ ಗೆರೆಗಳನ್ನು ಸೇರಿಸಿಬಿಡಬಹುದು. ಮೂರು ಆಯಾಮದ ಅಳತೆಯಲ್ಲಾದರೋ ಪ್ರತಿಯೊಂದು ಬಿಂದುವಿನ ಆಳವೇ ದಾಖಲಾಗಿರುತ್ತದೆ. ಬೆಳಕಿನ ದಿಕ್ಕಿನ ಹಂಗು ಅದಕ್ಕಿಲ್ಲ.

ಈಗ ನಮ್ಮ ವಿದ್ಯಾರ್ಥಿನಿಗೆ ಪ್ರಶ್ನೆಯೊಂದು ಸ್ಪಷ್ಟವಾಗುತ್ತದೆ: “ಗಂಗರ ಕಾಲದ ವೀರಗಲ್ಲುಗಳಲ್ಲಿ ಅಕ್ಷರಗಳನ್ನು ಗುರುತಿಸಲು ಛಾಯಾಚಿತ್ರಕ್ಕಿಂತ ಆಳದ ಅಳತೆ ಹೆಚ್ಚು ಉಪಯುಕ್ತವೇ? ಉಪಯುಕ್ತವಾದರೆ, ಅಕ್ಷರ ಎಷ್ಟು ಸವೆಯುವವರೆಗೆ?” ಇದಕ್ಕೆ ಕಾಲದ ಮಿತಿಯಿದೆ, ವಸ್ತುವಿನ ಮಿತಿಯಿದೆ, ಹೋಲಿಕೆಯಿದೆ. ‘ಹೌದು’ ಎಂಬ ಉತ್ತರ ಬಂದರೂ ‘ಇಲ್ಲ’ ಎಂಬ ಉತ್ತರ ಬಂದರೂ ಮುಂದಿನವರಿಗೆ ಪ್ರಯೋಜನವುಂಟು. ಒಳ್ಳೆಯ ವಿಷಯದ ಮುಖ್ಯ ಲಕ್ಷಣ ಇದೇ.

ನಾಲ್ಕು ಪರೀಕ್ಷೆಗಳು

ಇಂಥ ಪ್ರಶ್ನೆಯನ್ನೂ ಒಪ್ಪಿಕೊಳ್ಳುವ ಮುನ್ನ ನಾಲ್ಕು ಪರೀಕ್ಷೆಗಳಿಗೆ ಒಡ್ಡಬೇಕು.

ಮೊದಲನೆಯದು, ಇದು ಯಾರಿಗೆ ಬೇಕು? ಶಾಸನತಜ್ಞರನ್ನು ಕಂಡು ಕೇಳಬೇಕು. ಸ್ಪಷ್ಟವಾಗಿರುವ ಅಕ್ಷರಗಳನ್ನು ಅವರು ಯಂತ್ರದ ನೆರವಿಲ್ಲದೆ ಓದಬಲ್ಲರು. ಅವರು ತಡವರಿಸುವ ಕಡೆ ಯಂತ್ರ ಉಪಕರಿಸಿದರೆ ಮಾತ್ರ ಶ್ರಮ ಸಾರ್ಥಕ.

ಎರಡನೆಯದು, ಇತರರು ಏನು ಮಾಡಿದ್ದಾರೆ? 2022ರಲ್ಲಿ ‘ಇಥಾಕಾ’ ಎಂಬ ಗಣಕವ್ಯವಸ್ಥೆಯ ವಿವರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು 78 ಸಾವಿರ ಪ್ರಾಚೀನ ಗ್ರೀಕ್ ಶಾಸನಗಳಿಂದ ಕಲಿತ ಈ ವ್ಯವಸ್ಥೆ, ಅಳಿಸಿಹೋದ ಅಕ್ಷರಗಳನ್ನು ಪರೀಕ್ಷೆಯಲ್ಲಿ ಶೇಕಡಾ 62ರಷ್ಟು ಸರಿಯಾಗಿ ತುಂಬಿತು. ಇತಿಹಾಸಜ್ಞರು ತಾವೇ ಮಾಡಿದಾಗ ಶೇಕಡಾ 25, ವ್ಯವಸ್ಥೆಯ ನೆರವಿನೊಡನೆ ಮಾಡಿದಾಗ ಶೇಕಡಾ 72 ಸರಿಯಾಯಿತು. ಇದನ್ನು ಓದಿ “ಎಲ್ಲವೂ ಆಗಿಹೋಯಿತು” ಎಂದು ಕೈಚೆಲ್ಲಬೇಕಾಗಿಲ್ಲ. ಇಥಾಕಾ ಕೆಲಸ ಮಾಡಿದುದು ವಿದ್ವಾಂಸರು ಮೊದಲೇ ಓದಿ ಬರೆದಿಟ್ಟ ಪಾಠಗಳ ಮೇಲೆ. ಕಲ್ಲಿನ ಮೇಲ್ಮೈಯಿಂದ ಅಕ್ಷರವನ್ನು ಪಡೆಯುವ ಸಮಸ್ಯೆ ಬೇರೆಯೇ ಆಗಿದೆ.

ಮೂರನೆಯದು, ದತ್ತಾಂಶ ಕೈಗೆಟುಕುವುದೇ? ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. ಎಂ.ಎಸ್ಸಿ. ಮುಗಿಸಿದ ಹೊಸತರಲ್ಲಿ ನಾವೂ ಸಂಶೋಧನೆಗೆ ಸೇರಬಯಸಿದ್ದೆವು. ಕೆರೆಗಳ ನೀರಿನ ಸ್ಥಿತಿಯನ್ನು ಗಣಕಯಂತ್ರದಿಂದ ಮುಂಗಾಣುವುದೆಂದು ವಿಷಯ ಬರೆದು, ಹತ್ತು ವರ್ಷಗಳ ಅಳತೆಗಳು ಒಂದೆಡೆ ದೊರೆಯುವುವೆಂದು ನಂಬಿ, ಎಂಟು ತಿಂಗಳು ಗಣಿತವನ್ನೇ ಅಭ್ಯಾಸ ಮಾಡಿದೆವು. ಕೊನೆಗೆ ದಾಖಲೆಗಳನ್ನು ತೆರೆದು ನೋಡಿದಾಗ ಎಷ್ಟೋ ತಿಂಗಳುಗಳ ಸಾಲುಗಳು ಖಾಲಿಯಾಗಿದ್ದುವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಗಿತ್ತು ನಮ್ಮ ಕಥೆ. ಆ ವಿಷಯವನ್ನು ಕೈಬಿಡಬೇಕಾಯಿತು. ದತ್ತಾಂಶದ ಒಂದು ಹಿಡಿಯನ್ನಾದರೂ ಮೊದಲ ವಾರದಲ್ಲೇ ಕಣ್ಣಾರೆ ನೋಡಿದ್ದರೆ ಆ ತಿಂಗಳುಗಳು ಉಳಿಯುತ್ತಿದ್ದುವು.

ನಾಲ್ಕನೆಯದು, ನಾವು ಸೋತರೆ ಅದು ನಮಗೆ ಗೊತ್ತಾಗುವುದೇ? 200 ಅಕ್ಷರಗಳ ಶಾಸನದಲ್ಲಿ ಯಂತ್ರವು 30 ಅಕ್ಷರಗಳನ್ನು ತಪ್ಪಾಗಿ ಗುರುತಿಸಿದರೆ ದೋಷ ಶೇಕಡಾ 15 ಎಂದು ಲೆಕ್ಕ ಹಾಕುವುದು ಸುಲಭ. ಆದರೆ ಒಂದೇ ಕಲ್ಲಿನ ಕೆಲವು ಅಕ್ಷರಗಳಿಂದ ಯಂತ್ರಕ್ಕೆ ಕಲಿಸಿ, ಅದೇ ಕಲ್ಲಿನ ಉಳಿದ ಅಕ್ಷರಗಳಿಂದ ಪರೀಕ್ಷಿಸಿದರೆ, ಪ್ರಶ್ನಪತ್ರಿಕೆಯನ್ನು ಮೊದಲೇ ಕಂಡ ವಿದ್ಯಾರ್ಥಿಯಂತೆ ಯಂತ್ರವು ಹೆಚ್ಚು ಅಂಕ ಗಳಿಸುತ್ತದೆ. ಅದೇ ಕಲ್ಲು, ಅದೇ ರೂವಾರಿಯ ಕೈ, ಅದೇ ಸವೆತವಲ್ಲವೇ? ಯಂತ್ರವು ಎಂದೂ ಕಾಣದ ಬೇರೆ ಕಲ್ಲನ್ನು ಮುಂದಿಟ್ಟಾಗಲೇ ನಿಜವಾದ ಪರೀಕ್ಷೆ. ಇದಲ್ಲದೆ, ಇಬ್ಬರು ವಿದ್ವಾಂಸರು ಒಂದೇ ಅಕ್ಷರವನ್ನು ಎರಡು ಬಗೆಯಾಗಿ ಓದಿದ ಕಡೆ ಯಾವುದನ್ನು ಸರಿಯೆನ್ನಬೇಕೆಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಬೇಕು.

ಈ ನಾಲ್ಕರ ಮೇಲೆ ಮಾರ್ಗದರ್ಶಕರ ಪರಿಣತಿ, ನಮ್ಮ ಶಕ್ತಿ, ಇರುವ ಕಾಲ ಇವುಗಳನ್ನೂ ತೂಗಿ ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸಂಶೋಧನೆಗೂ ಸಲ್ಲುತ್ತದೆ. ಕರ್ನಾಟಕದ ಶಾಸನಗಳನ್ನೆಲ್ಲ ಓದಿಸುವೆನೆಂದು ಹೊರಡುವುದಕ್ಕಿಂತ ಐವತ್ತು ಕಲ್ಲುಗಳ ವಿಷಯದಲ್ಲಿ ನಂಬಲರ್ಹವಾದ ಒಂದು ಮಾತನ್ನು ಹೇಳುವುದು ಮೇಲು.

ಪ್ರೌಢಶಾಲೆಯ ವಾಚಕರು ಇದು ತಮಗೆ ದೂರದ ಮಾತೆಂದು ತಿಳಿಯಬಾರದು. ನಿಮ್ಮ ಊರಿನ ದೇವಾಲಯದ ಬಳಿಯೋ ಕೆರೆಯ ಏರಿಯ ಮೇಲೋ ಅಕ್ಷರಗಳಿರುವ ಕಲ್ಲೊಂದಿದ್ದರೆ ಬೆಳಿಗ್ಗೆ ಏಳಕ್ಕೊಮ್ಮೆ, ನಡು ಹಗಲಿಗೊಮ್ಮೆ, ಸಂಜೆ ಐದಕ್ಕೊಮ್ಮೆ ಒಂದೇ ಸ್ಥಳದಿಂದ ಅದರ ಚಿತ್ರ ತೆಗೆಯಿರಿ. ಕಲ್ಲಿಗೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚಬೇಡಿರಿ. ಮೂರು ಚಿತ್ರಗಳಲ್ಲಿ ಯಾವ ಗೆರೆ ಎಲ್ಲಿ ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ ಎಂಬುದನ್ನು ಬರೆದಿಡಿರಿ. ಹಾಗೆ ಬರೆಯುತ್ತಿರುವಾಗ “ಈ ಗೆರೆ ಅಕ್ಷರವೋ ಬಿರುಕೋ?” ಎಂಬ ಸಂದೇಹ ನಿಮ್ಮನ್ನು ಕಾಡಿದರೆ, ಮುಂದೊಂದು ದಿನ ಯಾವ ವಿಷಯವನ್ನು ತೆಗೆದುಕೊಳ್ಳಲೆಂದು ನೀವು ಯಾರನ್ನೂ ಕೇಳಬೇಕಾಗುವುದಿಲ್ಲ.