ಮಾಡೆಲ್ ವಿಮಾನ ಮಾಡ್ತೀರಾ? ಇಂಚು–ಮಿ.ಮೀ. ಲೆಕ್ಕ ತಪ್ಪಿದ್ರೆ ಶೀಟ್ ದಂಡ!

ಕೆಜಿಎಫ್/ಬಂಗಾರಪೇಟೆ: ಶಾಲೆಯ ವಿಜ್ಞಾನ ವಸ್ತುಪ್ರದರ್ಶನ ಹತ್ತಿರ ಬಂತೆಂದರೆ ಮಕ್ಕಳು ಪ್ಲೈವುಡ್, ಥರ್ಮಾಕೋಲ್ ಹುಡುಕಿಕೊಂಡು ಅಂಗಡಿಗೆ ಬರುತ್ತಾರೆ. ಕೈಯಲ್ಲಿರುವ ನಕ್ಷೆಯಲ್ಲಿ ಇಂಚು, ಅಂಗಡಿಯ ಶೀಟ್ ಮೇಲೆ ಮಿ.ಮೀ. ಗೊಂದಲ ಶುರುವಾಗೋದೇ ಇಲ್ಲಿ.

ಈ ಊರಿಗೆ ಎರಡೂ ಅಳತೆ ಹೊಸದಲ್ಲ. ಬ್ರಿಟಿಷರ ಕಾಲದ ಗಣಿಯಲ್ಲಿ ಅಡಿ ಲೆಕ್ಕವೇ ನಡೆಯುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ಆಳ 10,000 ಅಡಿಗೂ ಹೆಚ್ಚು, ಅಂದರೆ 3 ಕಿ.ಮೀ. ದಾಟುತ್ತದೆ.

ನೆನಪಿಡಬೇಕಾದ್ದು ಎರಡೇ
1 ಇಂಚು = 25.4 ಮಿ.ಮೀ.
1 ಅಡಿ = 304.8 ಮಿ.ಮೀ.

ಸ್ಕೇಲ್ ಅಂದ್ರೆ ಏನು?
1/72 ಸ್ಕೇಲ್ ಅಂದರೆ ನಿಜವಾದ ವಿಮಾನದ 72ನೇ ಒಂದು ಭಾಗ. ಅಡಿಯಲ್ಲಿ ನೋಡಿದರೆ 6 ಅಡಿಗೆ 1 ಇಂಚು. 1/48 ಆದರೆ 4 ಅಡಿಗೆ 1 ಇಂಚು.

ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, 1961ರಲ್ಲಿ ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನವನ್ನೇ ತಗೊಳ್ಳಿ. ರೆಕ್ಕೆಯ ಅಗಲ 9 ಮೀಟರ್, ಅಂದರೆ 9,000 ಮಿ.ಮೀ. 72ರಿಂದ ಭಾಗಿಸಿದರೆ 125 ಮಿ.ಮೀ. ಅಡಿಯಲ್ಲಿ ಸುಮಾರು 29 ಅಡಿ 6 ಇಂಚು. 6ರಿಂದ ಭಾಗಿಸಿದರೆ 4.92 ಇಂಚು. ಎರಡೂ ಒಂದೇ.

ಎಲ್ಲಿ ಎಡವುತ್ತಾರೆ?
29 ಅಡಿ 6 ಇಂಚನ್ನು ಕ್ಯಾಲ್ಕುಲೇಟರ್‌ನಲ್ಲಿ 29.6 ಅಂತ ಒತ್ತಬೇಡಿ. ಅಡಿಗೆ 12 ಇಂಚು, ಹಾಗಾಗಿ ಅದು 29.5.

ಇನ್ನೊಂದು ದಪ್ಪದ ವಿಷಯ. 1/8 ಇಂಚು ಅಂದರೆ 3.175 ಮಿ.ಮೀ. ಅಂಗಡಿಯಲ್ಲಿ ಸಿಗೋದು 3 ಮಿ.ಮೀ. ಶೀಟ್. ನಕ್ಷೆ ನೋಡಿ 1/8 ಇಂಚಿನ ಗಾಡಿ ಕೊರೆದರೆ ರೆಕ್ಕೆ ಅಲ್ಲಾಡುತ್ತದೆ. ಮೊದಲು ಶೀಟ್ ತಂದು ಅಳೆಯಿರಿ, ಆಮೇಲೆ ಕೊರೆಯಿರಿ. ಅಂಗಡಿಯವರೂ ‘ಇದು 3 ಮಿ.ಮೀ., 1/8 ಅಲ್ಲ’ ಅಂತ ಮೊದಲೇ ಹೇಳಿದರೆ ಮಾಲು ವಾಪಸ್ ಬರೋ ತಕರಾರು ಇರಲ್ಲ.

ದೊಡ್ಡವರೂ ತಪ್ಪಿದ್ದಾರೆ
1983ರ ಜುಲೈ 23ರಂದು ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಪೌಂಡ್–ಕಿಲೋ ಗೊಂದಲದಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿದ್ದರಿಂದ ಆಕಾಶದಲ್ಲೇ ಎಂಜಿನ್‌ಗಳು ನಿಂತವು. ಪೈಲಟ್‌ಗಳು ಗಿಮ್ಲಿ ಎಂಬಲ್ಲಿ ವಿಮಾನವನ್ನು ತೇಲಿಸಿಕೊಂಡೇ ಇಳಿಸಿದರು, ಎಲ್ಲರೂ ಬದುಕಿದರು.

ಮಾಡೆಲ್‌ನಲ್ಲಿ ಹೋಗೋದು ಒಂದು ಶೀಟ್ ಅಷ್ಟೇ. ಆದರೂ ನಕ್ಷೆಯ ಪ್ರತಿ ಅಳತೆಯನ್ನೂ ಮಿ.ಮೀ.ಗೆ ಬದಲಿಸಿ ಬರೆದುಕೊಂಡೇ ಬ್ಲೇಡ್ ಹಿಡಿಯುವುದು ಒಳ್ಳೆಯದು.